ಬಂಡೆಯೂ ಬಣ್ಣವೂ: ಜುವಾಕಿಂ ಮಿರ್ ಕಥೆ

ನಮಸ್ಕಾರ. ಇವತ್ತಿನ ವ್ಲಾಗ್ ಪೂರ್ತಿ ಒಬ್ಬರೇ ಚಿತ್ರಕಾರರ ಬಗ್ಗೆ. ಸ್ಪೇನ್‌ನ ಬಾರ್ಸಿಲೋನಾ ಅಂದ್ರೆ ವಾಸ್ತುಶಿಲ್ಪಿ ಗೌಡಿ, ಚಿತ್ರಕಾರ ಪಿಕಾಸೊ ಅಂತ ಎಲ್ಲರೂ ಹೇಳ್ತಾರೆ. ನನಗೆ ಈ ಸೀಮೆಯ ಬಿಸಿಲು, ಬಂಡೆ, ನೀರು ಏನು ಅಂತ ತೋರಿಸಿಕೊಟ್ಟವರು ಜುವಾಕಿಂ ಮಿರ್. ಹುಟ್ಟಿದ್ದು ಬಾರ್ಸಿಲೋನಾದಲ್ಲೇ, 1873ರಲ್ಲಿ.

ಹರೆಯದಲ್ಲಿ ಇಸಿದ್ರೆ ನೊನೆಲ್, ರಿಕಾರ್ಡ್ ಕನಾಲ್ಸ್ ಥರದ ಗೆಳೆಯರ ಜೊತೆ ಊರಂಚಿನ ಬಡವರ ಕೇರಿಗಳಿಗೆ ಹೋಗಿ, ಬಯಲಲ್ಲೇ ನಿಂತು ಚಿತ್ರ ಬರೀತಿದ್ರು. ಇವರ ಚಿತ್ರಗಳಲ್ಲಿ ಅಡುಗೆಗೆ ಹಾಕೋ ಕೇಸರಿ ಬಿಡೋ ಥರದ ಹಳದಿ ಎದ್ದು ಕಾಣ್ತಿತ್ತು, ಅದಕ್ಕೇ ಈ ಗೆಳೆಯರಿಗೆ 'ಕೇಸರಿ ಗುಂಪು' ಅಂತ ಹೆಸರು ಬಿತ್ತು.

ಆ ಕಾಲದ್ದೊಂದು ಚಿತ್ರ, 1898ರ 'ಬಡವರ ಕೆಥೆಡ್ರಲ್'. ಹಿಂದೆ ಇನ್ನೂ ಕಟ್ಟುತ್ತಿರೋ ಸಗ್ರಾದಾ ಫಮಿಲಿಯಾ, ಸುತ್ತ ಕಲ್ಲುಗಳು, ಮುಂದೆ ಭಿಕ್ಷೆಗೆ ಕೂತ ಜನ. ಆ ಚರ್ಚು ಏಳ್ತಿದ್ದದ್ದೇ ಭಕ್ತರು ಕೊಟ್ಟ ಕಾಣಿಕೆ ದುಡ್ಡಲ್ಲಿ. ಕಾಣಿಕೆಯಿಂದ ಏಳೋ ಗೋಡೆಯ ಬುಡದಲ್ಲೇ ಕಾಸಿಗೆ ಕಾಯೋ ಸಂಸಾರ! ಮಿರ್ ಅದರ ಮೇಲೆ ಭಾಷಣ ಮಾಡೋದಿಲ್ಲ. ಕಲ್ಲಿಗೂ ಅವರ ಮೈಗೂ ಒಂದೇ ಬಿಸಿಲು ಹಾಕಿ ಸುಮ್ಮನಾಗ್ತಾರೆ. ಇವತ್ತು ಅದೇ ಜಾಗದಲ್ಲಿ ಟಿಕೆಟ್ ಸಾಲು ನೋಡಿದಾಗೆಲ್ಲ ನನಗೆ ಈ ಚಿತ್ರ ಕಣ್ಮುಂದೆ ಬರುತ್ತೆ.

1899ರಲ್ಲಿ ಮಿರ್, ಹಿರಿಯ ಚಿತ್ರಕಾರ ಸಾಂತಿಯಾಗೊ ರುಸಿನ್ಯೋಲ್ ಜೊತೆ ಮಯೋರ್ಕಾ ದ್ವೀಪಕ್ಕೆ ಹೋದರು. ರುಸಿನ್ಯೋಲ್‌ಗೆ ತೋಟಗಳೆಂದರೆ ಪ್ರಾಣ. ಮಿರ್ ಹೊರಟಿದ್ದು ಬಂಡೆಗಳ ಕಡೆಗೆ. ಸಾ ಕಲೋಬ್ರಾ ಅಂತ ದ್ವೀಪದ ಉತ್ತರದಲ್ಲೊಂದು ಜಾಗ. ಬೆಟ್ಟದ ಕಮರಿಯೊಂದು ನೇರ ಸಮುದ್ರಕ್ಕೆ ಬಂದು ಬಾಯಿ ಬಿಡುತ್ತೆ. ಈಗ ಹಾವಿನ ಹಾಗೆ ಸುತ್ತಿ ಇಳಿಯೋ ರಸ್ತೆ ಇದೆಯಲ್ಲ, ಅದಾಗಿದ್ದು 1930ರ ದಶಕದಲ್ಲಿ. ಮಿರ್ ಕಾಲದಲ್ಲಿ ಕಾಲುದಾರಿ, ಇಲ್ಲಾಂದ್ರೆ ದೋಣಿ. ಬಟ್ಟೆ ಗಿರಣಿ ಯಜಮಾನರಾಗಿದ್ದ ಸೋದರಮಾವ ಅವೆಲಿ ತ್ರಿಂಷೆಟ್ ದುಡ್ಡಿನ ಆಸರೆ ಕೊಟ್ಟಿದ್ದರಿಂದ ಅಂಥ ಕಡೆ ಉಳಿದು ಬರೆಯೋದು ಸಾಧ್ಯವಾಯ್ತು.

ಅಲ್ಲಿನ ಚಿತ್ರಗಳನ್ನು ನೋಡಿದ್ರೆ ಎಲ್ಲಿ ಬಂಡೆ ಮುಗಿದು ಎಲ್ಲಿ ನೀರು ಶುರುವಾಯ್ತು ಅಂತ ಹುಡುಕಬೇಕು. ನೇರಳೆ, ಗುಲಾಬಿ, ಹಸಿರು, ಎಲ್ಲ ಒಂದರ ಮೇಲೊಂದು ಏರಿ ಬರ್ತವೆ. ಆಕಾಶ ಇದ್ರೂ ಒಂದು ಚೂರು, ಮೇಲಿನ ಅಂಚಲ್ಲಿ. ಕಣ್ಣಿಗೆ ತಪ್ಪಿಸಿಕೊಂಡು ಹೋಗೋಕೆ ದಾರಿನೇ ಕೊಡಲ್ಲ.

ಅಲ್ಲಿ ಒಂಟಿಯಾಗಿ, ಮೈಮರೆತು ದುಡಿದರು. ಬಂಡೆಯಿಂದ ಬಿದ್ದು ಪೆಟ್ಟಾಯ್ತು, ಮನಸ್ಸೂ ಕುಸಿದಿತ್ತು. 1905ರಲ್ಲಿ ಮನೆಯವರು ರೆಯೂಸ್ ಊರಿನ ಪೆರೆ ಮಾತಾ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಇಲ್ಲೊಂದು ಸಂಗತಿ ನನ್ನನ್ನು ತುಂಬ ಕಾಡುತ್ತೆ. ಮಯೋರ್ಕಾದ ಪಾಲ್ಮಾದಲ್ಲಿ ಗ್ರಾನ್ ಹೋಟೆಲ್ ಅಂತ ಹೊಸದಾಗಿ ಎದ್ದಾಗ, ಅದರ ಊಟದ ಹಾಲ್‌ಗೆ ಮಿರ್ ಮತ್ತು ರುಸಿನ್ಯೋಲ್ ದೊಡ್ಡ ದೊಡ್ಡ ಚಿತ್ರಗಳನ್ನು ಬರೆದುಕೊಟ್ಟಿದ್ರು. ಆ ಹೋಟೆಲ್ ವಿನ್ಯಾಸ ಮಾಡಿದ ದೊಮೆನೆಕ್ ಇ ಮುಂಟಾನೆರ್ ಅವರೇ ಈ ಆಸ್ಪತ್ರೆಯ ವಾಸ್ತುಶಿಲ್ಪಿಯೂ ಹೌದು. ಕೆಲವೇ ವರ್ಷದ ಅಂತರದಲ್ಲಿ ಒಂದು ಕಟ್ಟಡಕ್ಕೆ ಕಲಾವಿದರಾಗಿ, ಇನ್ನೊಂದಕ್ಕೆ ರೋಗಿಯಾಗಿ ಹೋದರು.

ಹೊರಗೆ ಬಂದ ಮೇಲಿನ ಮಿರ್ ನನಗೆ ಎಲ್ಲಕ್ಕಿಂತ ಇಷ್ಟ. ತರಗೋನಾ ಬಯಲಿನ ಲಾಲೆಷಾರ್, ಮಾಸ್ಪುಜೋಲ್ಸ್ ಅನ್ನೋ ಪುಟ್ಟ ಹಳ್ಳಿಗಳಲ್ಲಿ ಇದ್ದರು. ಇಲ್ಲಿ ಎದೆ ನಡುಗಿಸೋ ಕಮರಿ ಇಲ್ಲ. ಮನೆ, ಮರ, ತೋಟ, ನೀರು ಅಷ್ಟೇ. ಆದ್ರೆ ಬಣ್ಣ ಮಾತ್ರ ಇನ್ನಷ್ಟು ಬಿಡುಗಡೆಯಾಗಿದೆ. ಮರ ಅಂತ ಗುರುತು ಹಿಡಿಯೋದ್ರೊಳಗೆ ಅದು ಬರೀ ಚುಕ್ಕೆ, ತೇಪೆ ಆಗಿಬಿಡುತ್ತೆ. ಮಯೋರ್ಕಾದ ಚಿತ್ರಗಳಿಗೆ ಹೆಸರು ಜಾಸ್ತಿ ಅಂತ ಗೊತ್ತು, ಆದ್ರೂ ನನ್ನ ಮಟ್ಟಿಗೆ ಮಿರ್ ಅವರ ಶಿಖರ ಇದೇ. ಮಯೋರ್ಕಾದಲ್ಲಿ ಜಾಗವೇ ಅರ್ಧ ಕೆಲಸ ಮಾಡಿಕೊಡ್ತಿತ್ತು. ಇಲ್ಲಿ ಪೂರ್ತಿ ಕೆಲಸ ಅವರ ಕಣ್ಣಿನದ್ದು.

ಆಮೇಲೆ ಬದುಕು ನೆಲೆಗೆ ಬಂತು. 1921ರಲ್ಲಿ ಮದುವೆಯಾಗಿ ಕಡಲತೀರದ ವಿಲನೋವಾ ಇ ಲಾ ಜೆಲ್ತ್ರೂ ಊರಲ್ಲಿ ನೆಲೆಸಿದರು. 1930ರಲ್ಲಿ ಮ್ಯಾಡ್ರಿಡ್‌ನ ರಾಷ್ಟ್ರೀಯ ಪ್ರದರ್ಶನದಲ್ಲಿ ಗೌರವ ಪದಕ ಸಿಕ್ತು. ಸ್ಪೇನ್‌ನ ಅಂತರ್ಯುದ್ಧ ಮುಗಿದ ಮೇಲೆ ಸ್ವಲ್ಪ ಕಾಲ ಜೈಲಿನಲ್ಲೂ ಇಟ್ಟಿದ್ರು, 1940ರಲ್ಲಿ ತೀರಿಕೊಂಡರು. ಸೋದರಮಾವ ತ್ರಿಂಷೆಟ್ ಬಾರ್ಸಿಲೋನಾದಲ್ಲಿ ಕಟ್ಟಿಸಿದ ಮನೆಗೆ ಮಿರ್ ಗೋಡೆಗೋಡೆಗೂ ನಿಸರ್ಗ ಚಿತ್ರ ಬರೆದಿದ್ರು. 1968ರಲ್ಲಿ ಆ ಮನೆಯನ್ನೇ ಕೆಡವಿ ಹಾಕಿದ್ರು. ಹೇಳುವಾಗಲೂ ಹೊಟ್ಟೆ ಉರಿಯುತ್ತೆ.

ಈ ಕಡೆ ಬಂದ್ರೆ ಬಾರ್ಸಿಲೋನಾದ ಮೊಂಜುಯಿಕ್ ಬೆಟ್ಟದ ಮೇಲಿರೋ ಕ್ಯಾಟಲೋನಿಯಾ ರಾಷ್ಟ್ರೀಯ ಕಲಾ ಸಂಗ್ರಹಾಲಯಕ್ಕೆ ಹೋಗಿ, 'ಮೆಟ್ಟಿಲು ಮೆಟ್ಟಿಲಾದ ಹಳ್ಳಿ' ಅನ್ನೋ ಚಿತ್ರ ಕೇಳಿ ಹುಡುಕಿ. ಹೆಸರಿನ ಫಲಕ ಆಮೇಲೆ ಓದಿ. ಮೊದಲು ಹತ್ತಿರ ಹೋಗಿ ಬರೀ ಬಣ್ಣ ನೋಡಿ, ಆಮೇಲೆ ಹಿಂದೆ ಹಿಂದೆ ಸರೀತಾ ಬನ್ನಿ. ಮನೆಗಳು ಎಷ್ಟು ದೂರದಲ್ಲಿ ಎದ್ದು ನಿಂತವು ಅಂತ ಕಾಮೆಂಟಲ್ಲಿ ಹೇಳಿ.