ಪ್ರಾಣಿಶಾಸ್ತ್ರದ ಮೇಡಂ ಅಧಿಕಾರಕ್ಕೆ ಬಂದಾಗ

ಎಲ್ಲರಿಗೂ ನಮಸ್ಕಾರ. ಕೋಲಾರದಿಂದ ಮಾತಾಡ್ತಿದ್ದೇನೆ.

ನಮ್ಮ ಕಡೆ ಎಲೆಕ್ಷನ್ ಬಂದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ. "ಓದಿದೋರು ಬರಬೇಕು ಕಣ್ರೀ. ಒಬ್ಬ ಲೆಕ್ಚರರ್ ಗೆದ್ದು ಬರಲಿ, ಆಮೇಲೆ ನೋಡಿ." ನಾನೂ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಡಿಕ್ಸಿ ಲೀ ರೇ ಅನ್ನುವ ಪ್ರೊಫೆಸರ್ ಕತೆ ಓದಿದ ಮೇಲೆ ಅಷ್ಟು ಸಲೀಸಾಗಿ ಹೇಳೋಕೆ ಆಗ್ತಿಲ್ಲ.

1914ರಲ್ಲಿ ಅಮೆರಿಕದ ಟಕೋಮಾದಲ್ಲಿ ಹುಟ್ಟಿದವರು. ವಾಷಿಂಗ್ಟನ್ ರಾಜ್ಯ. ರಾಜಧಾನಿ ವಾಷಿಂಗ್ಟನ್ ಅಲ್ಲ, ಪಶ್ಚಿಮದ ಸಮುದ್ರದ ಕಡೆ ಇರುವುದು. 1945ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಡಾಕ್ಟರೇಟ್. ಆಮೇಲೆ ಸಿಯಾಟಲ್‌ನಲ್ಲಿ ಪ್ರಾಣಿಶಾಸ್ತ್ರ ಪಾಠ.

ಅವರು ಅಧ್ಯಯನ ಮಾಡಿದ್ದು ಗ್ರಿಬಲ್ ಅನ್ನುವ ಸಮುದ್ರ ಜೀವಿಯನ್ನು. ಅಕ್ಕಿ ಕಾಳಿಗಿಂತ ಚಿಕ್ಕದು, ಸೀಗಡಿಯ ದೂರದ ನೆಂಟ. ಬಂದರಿನಲ್ಲಿ ನೆಟ್ಟ ಮರದ ಕಂಬಗಳನ್ನು ಕೊರೆದು ತಿನ್ನುತ್ತದೆ. ನಮ್ಮ ತೊಲೆಗೆ ಗೆದ್ದಲು ಹಿಡಿದ ಹಾಗೆ. ಇಷ್ಟು ಸಣ್ಣ ಜೀವಿಗೆ ವರ್ಷಗಟ್ಟಲೆ ಕೊಡಬೇಕಂದ್ರೆ ಎಂಥ ತಾಳ್ಮೆ ಬೇಕು! ಅಷ್ಟೇ ಅಲ್ಲ, ಕಡಲ ಜೀವಿಗಳ ಬಗ್ಗೆ ಟಿವಿಯಲ್ಲಿ ಜನಕ್ಕೆ ಪಾಠ ಹೇಳಿದರು. 1963ರಿಂದ ಸಿಯಾಟಲ್‌ನ ವಿಜ್ಞಾನ ಕೇಂದ್ರ ನಡೆಸಿದರು. ಈ ಮೇಡಂ ನನಗೆ ನಿಜವಾಗಲೂ ಇಷ್ಟ.

1972ರಲ್ಲಿ ಆಗಿನ ಅಮೆರಿಕದ ಅಧ್ಯಕ್ಷ ನಿಕ್ಸನ್ ಈ ಮೇಡಂ ಅವರನ್ನು ಅಣುಶಕ್ತಿ ಆಯೋಗಕ್ಕೆ ಹಾಕಿದರು, ಮರುವರ್ಷ ಅದಕ್ಕೇ ಅಧ್ಯಕ್ಷೆ. 1976ರಲ್ಲಿ ಚುನಾವಣೆಗೆ ನಿಂತು ಗೆದ್ದು ಗವರ್ನರ್ ಆದರು. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುತ್ತಾರೆ. ಆ ರಾಜ್ಯಕ್ಕೆ ಮೊದಲ ಮಹಿಳಾ ಗವರ್ನರ್ ಅವರೇ.

ನನ್ನ ಸಂಕಟ ಶುರುವಾಗುವುದು ಇಲ್ಲಿಂದ. ಪ್ಯೂಜೆಟ್ ಸೌಂಡ್ ಅಂತ ಒಂದು ಒಳಗಡಲು ಇದೆ, ಸಿಯಾಟಲ್ ಇರುವುದೇ ಅದರ ದಡದಲ್ಲಿ. ಅದರೊಳಕ್ಕೆ ದೊಡ್ಡ ದೊಡ್ಡ ತೈಲದ ಹಡಗು ಬರಲಿ ಅಂದವರು ಈ ಕಡಲ ಮೇಡಂ. ಕೊನೆಗೆ 1977ರಲ್ಲಿ ಅವರದೇ ಪಕ್ಷದ ಸೆನೆಟರ್ ಮ್ಯಾಗ್ನುಸನ್ ಕಾನೂನು ತಂದು ತಡೆದರು. ಅಧಿಕಾರ ಹೋದ ಮೇಲೂ, ಭೂಮಿ ಬಿಸಿಯಾಗುತ್ತಿದೆ ಅಂದರೆ ಅವರು ಒಪ್ಪಲಿಲ್ಲ. ಗ್ರಿಬಲ್ ವಿಷಯದಲ್ಲಿ ಅವರಿಗೆ ಸಮ ಯಾರೂ ಇರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಹವಾಮಾನದ ವಿಷಯದಲ್ಲಿ ಅವರೂ ನಮ್ಮ ಹಾಗೆ ಬೇರೆಯವರನ್ನು ಕೇಳಿ ತಿಳಿಯಬೇಕಿತ್ತು, ಅಲ್ವಾ?

ಇನ್ನೊಂದು ಘಟನೆ ನನ್ನನ್ನು ಜಾಸ್ತಿ ಕಾಡುತ್ತದೆ. 1980ರಲ್ಲಿ ಅವರದೇ ರಾಜ್ಯದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಗುಡುಗತೊಡಗಿತು. ಭೂವಿಜ್ಞಾನಿಗಳ ಮಾತು ಕೇಳಿ ಅವರು ತುರ್ತು ಪರಿಸ್ಥಿತಿ ಘೋಷಿಸಿದರು, ಪರ್ವತದ ಸುತ್ತ ಜನ ಹೋಗದ ಹಾಗೆ ಗಡಿ ಹಾಕಿದರು. ಒಳ್ಳೆಯ ಕೆಲಸ. ಗಡಿ ಸಾಲದು, ಇನ್ನೂ ದೂರಕ್ಕೆ ಹಾಕಿ ಅನ್ನುವ ಪ್ರಸ್ತಾವವೂ ಬಂದಿತ್ತು. ಅದಕ್ಕೆ ಸಹಿ ಬೀಳುವ ಮೊದಲೇ, ಮೇ 18ರ ಬೆಳಿಗ್ಗೆ, ಪರ್ವತ ಸಿಡಿಯಿತು. 57 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಇದ್ದದ್ದು ಆ ಗಡಿಯ ಹೊರಗೆ. ತಪ್ಪೆಲ್ಲ ಅವರೊಬ್ಬರದೇ ಅಂತ ನಾನು ಹೇಳಲ್ಲ. ಆದರೆ ಆ ಸಹಿಯಾಗದ ಕಾಗದ ನನ್ನ ತಲೆಯಿಂದ ಹೋಗುತ್ತಿಲ್ಲ. ಅದೇ ವರ್ಷ ಸ್ವಂತ ಪಕ್ಷದ ಒಳಚುನಾವಣೆಯಲ್ಲೇ ಸೋತರು. 1994ರಲ್ಲಿ ತೀರಿಕೊಂಡರು.

ಈಗ ನಮ್ಮೂರಿಗೆ ಬನ್ನಿ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರು, ಎರಡು ಹಂತ ಶುದ್ಧ ಮಾಡಿದ್ದು. ಸ್ವಲ್ಪ ದಿನದಲ್ಲೇ ನೊರೆ ಎದ್ದಿತು, ಕೋರ್ಟು ತಡೆಯಿತು, ಸುಪ್ರೀಂ ಕೋರ್ಟಿನ ತನಕ ಹೋಗಿ ಮತ್ತೆ ಹರಿಯಿತು. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದಿದೆ, ಅದು ಸುಳ್ಳಲ್ಲ. ಸಾವಿರ ಅಡಿ ಕೊರೆಸಿ ಸಾಲ ಮಾಡಿಕೊಂಡ ರೈತರಿಗೆ ಅದರ ಬೆಲೆ ಗೊತ್ತು. ಮೂರನೇ ಹಂತವೂ ಶುದ್ಧ ಮಾಡಿ ಅಂತ ಹೋರಾಟಗಾರರು ಅಂದಿನಿಂದ ಕೇಳುತ್ತಲೇ ಇದ್ದಾರೆ. ಅದೂ ನ್ಯಾಯವೇ.

ಇಂಥ ಕಡೆ ಜೀವಶಾಸ್ತ್ರದ ಮೇಷ್ಟ್ರೊಬ್ಬರು ಸದನದಲ್ಲಿ ಇರಲೇಬೇಕು ಅನ್ನಿಸುತ್ತದೆ. ಆದರೆ "ನಾನು ಓದಿದ್ದೇನೆ, ನೀರು ಚೆನ್ನಾಗಿದೆ, ಸುಮ್ನಿರಿ" ಅನ್ನುವವರಲ್ಲ. ಗೌರಿಬಿದನೂರು ಹೊಸೂರಿನ ಎಚ್. ನರಸಿಂಹಯ್ಯನವರನ್ನು ನೆನೆಸಿಕೊಳ್ಳಿ. ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ಮುಂದೆ ವಿಧಾನ ಪರಿಷತ್ ಸದಸ್ಯರು. 1976ರಲ್ಲಿ ಪವಾಡ ಪರೀಕ್ಷಿಸೋಕೆ ಸಮಿತಿ ಮಾಡಿದಾಗ ಅವರು ಕೇಳಿದ್ದು ಇಷ್ಟೇ, ನಮ್ಮೆದುರು ಮಾಡಿ ತೋರಿಸಿ.

ಪರಿಷತ್ತಿನ 75 ಸೀಟಿನಲ್ಲಿ 7 ಶಿಕ್ಷಕರ ಕ್ಷೇತ್ರಗಳು. ಅವುಗಳಲ್ಲಿ ನಮ್ಮ ಆಗ್ನೇಯ ಕ್ಷೇತ್ರವೂ ಒಂದು. ಓಟು ಹಾಕುವವರು ಶಿಕ್ಷಕರು, ನಿಲ್ಲುವವರು ಶಿಕ್ಷಕರೇ ಆಗಬೇಕಿಲ್ಲ. ಯಾರಾದರೂ ನಿಲ್ಲಲಿ. ಶಾಲೆಗೆ, ಕಾಲೇಜಿಗೆ ಮತ ಕೇಳೋಕೆ ಬಂದಾಗ, ಮೇಷ್ಟ್ರೇ, ಮೇಡಂ, ದಯವಿಟ್ಟು ಅವರನ್ನು ಒಂದು ಮಾತು ಕೇಳಿ. ನಮ್ಮ ಕೆರೆಯ ಮೀನಿನಲ್ಲಿ, ಆ ನೀರಲ್ಲಿ ಬೆಳೆದ ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷದ ಲೋಹ ಎಷ್ಟಿದೆ? ಯಾವ ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿದಿರಿ? ಯಾವಾಗ? ರಿಪೋರ್ಟ್ ತಂದಿದ್ದೀರಾ ಸಾರ್, ತೋರಿಸಿ.