ಜೀವಕೋಶದೊಳಗಿನ ಗುಜರಿ ಅಂಗಡಿ

ನಮಸ್ಕಾರ ಕೇಳುಗರೇ.

ಎರಡು ವರ್ಷದ ಹಿಂದೆ ಒಂದು ರಾತ್ರಿ, ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಎರಡು ಗಂಟೆಗೆ ಥಟ್ಟನೆ ಎಚ್ಚರವಾಯಿತು. ಬಲಗಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ ಹೊಳೆಯುತ್ತಿತ್ತು. ಹೊದಿಕೆಯ ಅಂಚು ತಾಗಿದರೂ ಜೀವ ಹೋದಂತೆ. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಯಾರೋ ತುಳಿದಿರಬೇಕು ಅಂದುಕೊಂಡೆ. ಬೆಳಿಗ್ಗೆ ಡಾಕ್ಟರೂ ಉಳುಕು ಅಂದರು, ಬ್ಯಾಂಡೇಜ್ ಸುತ್ತಿ ಕಳಿಸಿದರು. ಇನ್ನೊಬ್ಬ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಯಿತು, ಯೂರಿಕ್ ಆಸಿಡ್ ಡೆಸಿಲೀಟರಿಗೆ 9 ಮಿಲಿಗ್ರಾಂ. ಗೌಟ್ ಅಂತ, ಕೀಲು ಊದಿ ನೋಯುವ ಕಾಯಿಲೆ. 20 ವರ್ಷ ಔಷಧ ಕಂಪನಿಯ ಲ್ಯಾಬಿನಲ್ಲಿ ದುಡಿದವನಿಗೆ ತನ್ನ ಕಾಲ ಬೆರಳೇ ಅರ್ಥವಾಗಿರಲಿಲ್ಲ, ನೋಡಿ.

"ನಾಳೆಯಿಂದ ನಿಮಗೆ ಬೇಳೆ ಸಾರು ಬಂದ್" ಎಂದಳು ಹೆಂಡತಿ. ಬೇಳೆ ತಿಂದರೆ ಯೂರಿಕ್ ಆಸಿಡ್ ಏರುತ್ತದೆ ಅಂತ ಅವಳ ನಂಬಿಕೆ. ಪಾಪ, ಬೇಳೆ ಏನು ಮಾಡಿತ್ತು?

ಯೂರಿಕ್ ಆಸಿಡ್ ಹುಟ್ಟುವುದು ಪ್ಯೂರಿನ್‌ನಿಂದ. ಕಾರ್ಬನ್, ನೈಟ್ರೋಜನ್ ಸೇರಿ ಆದ ಎರಡು ಉಂಗುರಗಳ ಜೋಡಿ ಅದು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎರಡು, ಅಡೆನಿನ್ ಮತ್ತು ಗ್ವಾನಿನ್, ಪ್ಯೂರಿನ್‌ಗಳೇ. ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಚಿಲ್ಲರೆ ಕಾಸು ಎಟಿಪಿ ಇದೆಯಲ್ಲ, ಅದರೊಳಗೂ ಅಡೆನಿನ್. ಮಾಟುಂಗಾದ ಉಡುಪಿ ಹೋಟೆಲಿನ ಫಿಲ್ಟರ್ ಕಾಫಿಯ ಕೆಫೀನ್ ಕೂಡ ಇದೇ ಮನೆತನದ್ದು. ಹಗಲಿಡೀ ಮಿದುಳಿನಲ್ಲಿ ಅಡೆನೊಸಿನ್ ಸೇರಿ ಸೇರಿ ನಿದ್ದೆ ಬರಿಸುತ್ತದೆ. ಕೆಫೀನ್ ಅದರ ಸೀಟಿಗೆ ಮೊದಲೇ ಕರ್ಚೀಫ್ ಹಾಕಿ ಕೂತುಬಿಡುತ್ತದೆ. ಹೆದರಬೇಡಿ, ಕೆಫೀನ್‌ನಿಂದ ಯೂರಿಕ್ ಆಸಿಡ್ ಆಗುವುದಿಲ್ಲ.

ಹೊಸ ಪ್ಯೂರಿನ್ ಕಟ್ಟುವುದು ದುಬಾರಿ ಕೆಲಸ. ಅದಕ್ಕೇ ಜೀವಕೋಶ ಹಳೆಯದನ್ನು ಬಿಸಾಡುವುದಿಲ್ಲ. ಧಾರಾವಿಯ ಗಲ್ಲಿಗಳಲ್ಲಿ ಹಳೆ ಪ್ಲಾಸ್ಟಿಕ್ ಡಬ್ಬಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ, ಪುಡಿ ಮಾಡಿ, ಮತ್ತೆ ಕಾಳು ಮಾಡುವುದನ್ನು ನೋಡಿದ್ದೀರಲ್ವಾ? ನಮ್ಮೊಳಗೂ ಅಂಥದೇ ಗುಜರಿ ಅಂಗಡಿ. ಬಹುಪಾಲು ಪ್ಯೂರಿನ್ ಅಲ್ಲಿಂದಲೇ ವಾಪಸ್ ಬರುತ್ತದೆ. ಅಲ್ಲಿನ ಒಬ್ಬ ಕೆಲಸಗಾರ, ಅಂದರೆ ಎಚ್‌ಜಿಪಿಆರ್‌ಟಿ ಅನ್ನುವ ಒಂದೇ ಒಂದು ಕಿಣ್ವ, ಹುಟ್ಟಿನಿಂದಲೇ ಇಲ್ಲದಿದ್ದರೆ? 1964ರಲ್ಲಿ ಅಮೆರಿಕದ ಸಂಶೋಧಕರಾದ ಮೈಕೆಲ್ ಲೆಶ್ ಮತ್ತು ವಿಲಿಯಂ ನೈಹಾನ್ ಅಂಥ ಗಂಡುಮಕ್ಕಳ ಬಗ್ಗೆ ಬರೆದರು. ಆ ಮಕ್ಕಳು ತಮ್ಮ ತುಟಿ, ಬೆರಳನ್ನೇ ಕಚ್ಚಿಕೊಳ್ಳುತ್ತವೆ. ನೋವು ಗೊತ್ತಾಗದೇ ಅಲ್ಲ, ತಡೆಯಲಾಗದೆ.

ಗುಜರಿಗೂ ಬೇಡವಾದ ಚೂರು ಕೊನೆಗೆ ಯೂರಿಕ್ ಆಸಿಡ್ ಆಗಿ ಹೆಚ್ಚಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ನಾಯಿ ಅದನ್ನು ಇನ್ನೂ ಒಡೆದು, ನೀರಲ್ಲಿ ಸುಲಭವಾಗಿ ಕರಗುವ ಅಲಂಟೊಯಿನ್ ಮಾಡುತ್ತದೆ. ನಮ್ಮ ವಾನರ ಪೂರ್ವಜರಲ್ಲಿ ಹಾಗೆ ಒಡೆಯುವ ಕಿಣ್ವದ ಜೀನ್ ಕೆಟ್ಟುಹೋಯಿತು. ರಕ್ತದಲ್ಲಿ ಯೂರಿಕ್ ಆಸಿಡ್ ಸುಮಾರು 6.8 ದಾಟಿದರೆ ಪೂರ್ತಿ ಕರಗುವುದಿಲ್ಲ. ತಣ್ಣಗಿರುವ ಹೆಬ್ಬೆರಳಲ್ಲಿ ಸೂಜಿಯಂಥ ಹರಳು ಕಟ್ಟುತ್ತದೆ. ಬಿಳಿ ರಕ್ತಕಣಗಳು ಅದರ ಮೇಲೆ ಬೀಳುತ್ತವೆ. ಆ ರಾತ್ರಿ ನನಗಾದದ್ದು ಇದೇ.

ನಾನು ಈಗ ನುಂಗುವ ಮಾತ್ರೆ ಅಲೋಪ್ಯೂರಿನಾಲ್. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಲ್ಯಾಬಿನದು. ರಕ್ತದ ಕ್ಯಾನ್ಸರ್ ಔಷಧವೊಂದನ್ನು ದೇಹ ಬೇಗ ಒಡೆಯದಿರಲಿ ಅಂತ ಶುರುಮಾಡಿದ ಕೆಲಸ, ಕೊನೆಗೆ ಗೌಟಿಗೆ ಒದಗಿತು. ಪ್ಯೂರಿನ್ನಿನ ಒಂದು ಮೂಲೆಯಲ್ಲಿ ಕಾರ್ಬನ್, ನೈಟ್ರೋಜನ್ ಜಾಗ ಅದಲುಬದಲು ಮಾಡಿದ್ದಾರೆ, ಅಷ್ಟೇ. ಯೂರಿಕ್ ಆಸಿಡ್ ಮಾಡುವ ಕಿಣ್ವ ಇದನ್ನು ನಮ್ಮದೇ ಮಾಲು ಅಂದುಕೊಂಡು ಹಿಡಿದು ಸಿಕ್ಕಿಬೀಳುತ್ತದೆ. ಇಬ್ಬರಿಗೂ 1988ರಲ್ಲಿ ನೊಬೆಲ್ ಬಂತು. ಎಲಿಯನ್ ಪಿಎಚ್‌ಡಿ ಮುಗಿಸಿರಲಿಲ್ಲ ಅನ್ನುವುದು ನನಗೆ ಸುಮ್ನೆ ಖುಷಿ ಕೊಡುವ ವಿಷಯ.

ಇನ್ನು ಊಟದ ಮಾತು. ಯೂರಿಕ್ ಆಸಿಡ್‌ನ ಹೆಚ್ಚು ಪಾಲು ನಮ್ಮ ಜೀವಕೋಶಗಳದೇ, ತಟ್ಟೆಯದಲ್ಲ. ತಟ್ಟೆಯಲ್ಲೂ ಬೇಳೆಕಾಳಿನಿಂದ ಗೌಟ್ ಜಾಸ್ತಿಯಾಗುವುದು ಕಂಡುಬಂದಿಲ್ಲ. ಲಿವರ್, ಬಿಯರ್, ಸಿಹಿ ತಂಪುಪಾನೀಯ, ಬಂಗುಡೆ, ಬೂತಾಯಿ, ಇವೇ ನಿಜವಾದ ತಂಟೆಕೋರರು. ಇದನ್ನೆಲ್ಲ ಮನೆಯಲ್ಲಿ ಒಪ್ಪಿಸಲು ನನಗೆ ಒಂದು ತಿಂಗಳು ಹಿಡಿಯಿತು. ಬೇಳೆ ಸಾರು ವಾಪಸ್ ಬಂತು. ಬೂತಾಯಿ ಪುಳಿಮುಂಚಿ ಮಾತ್ರ ಪಕ್ಕದ ತಟ್ಟೆಗೆ ಹೋಗುತ್ತದೆ. ನಾನು ವಾಸನೆ ನೋಡುತ್ತೇನೆ.