ದೊಡ್ಡ ಓತಿಕ್ಯಾತ, ಸಣ್ಣ ಓತಿಕ್ಯಾತ

ಕೇಳುಗರಿಗೆ ನಮಸ್ಕಾರ. ತೊಗರಿ ಬಿತ್ತನೆಗೆ ಹೊಲಕ್ಕೆ ಹೋದವರು ಬೇಲಿ ಮೇಲೆ ಓತಿಕ್ಯಾತ ಕಂಡೇ ಇರುತ್ತೀರಿ. ತಲೆ, ಹೆಗಲು ಕೆಂಪು, ಗಂಟಲು ಕಪ್ಪು. ರಕ್ತ ಹೀರುತ್ತದೆ ಅಂತ ಹುಡುಗರು ಕಲ್ಲು ಹೊಡೆಯುತ್ತಾರೆ. ಹೀರುವುದಿಲ್ಲ! ಎಷ್ಟು ಸಲ ಹೇಳುವುದು? ಅದು ಬೆದೆಗೆ ಬಂದ ಗಂಡು, ಅಷ್ಟೇ.

ಓತಿಗಳಲ್ಲಿ ಮೈ ದೊಡ್ಡದಿರುವ ಗಂಡು ಜಗಳ ಗೆಲ್ಲುತ್ತದೆ. ಗೆದ್ದದ್ದಕ್ಕೆ ಒಳ್ಳೆ ಜಾಗ. ಒಳ್ಳೆ ಜಾಗಕ್ಕೆ ಹೆಣ್ಣು ಬರುತ್ತದೆ. ಇಷ್ಟು ಸರಿ. ಆದರೆ ಮರಿಗೆ ಅಪ್ಪ ಯಾರು ಅನ್ನೋದು ಬೇರೆ ಲೆಕ್ಕ.

ಆಳಂದ ಕಡೆ ಒಂದು ಹೊಲದಲ್ಲಿ ನೋಡಿದ್ದು ಹೇಳುತ್ತೇನೆ. ಬದುವಿನ ಮೇಲೆ ಜಾಲಿ ಬೇಲಿ, ಮಧ್ಯೆ ಕಲ್ಲಿನ ಕಂಬ. ಕಂಬದ ಮೇಲೆ ದೊಡ್ಡ ಗಂಡು, ಗರಡಿಮನೆ ಪೈಲ್ವಾನನಂತೆ ದಂಡ ಹೊಡೆಯುತ್ತಿತ್ತು. ಕೆಳಗೆ ಹೆಣ್ಣು. ಅಷ್ಟರಲ್ಲಿ ಇನ್ನೊಂದು ಗಂಡು ಬಂತು. ಎರಡೂ ಮೈ ಉಬ್ಬಿಸಿದವು, ಬಾಯಿ ತೆರೆದವು, ದವಡೆ ಕಚ್ಚಿಕೊಂಡು ಉರುಳಿದವು. ಬಂದದ್ದು ಸೋತು ಓಡಿತು. ದೊಡ್ಡದು ಸುಮ್ನೆ ಬಿಡಬೇಕಲ್ವಾ? ಇಲ್ಲ, ಬೇವಿನ ಮರದವರೆಗೆ ಅಟ್ಟಿಸಿಕೊಂಡು ಹೋಯಿತು. ಆಗ ಮುಳ್ಳಿನ ಸಂದಿಯಿಂದ ಒಂದು ಸಣ್ಣ ಗಂಡು ಹೊರಬಂತು. ಬಣ್ಣವೂ ಅಷ್ಟಕ್ಕಷ್ಟೇ. ನೇರ ಹೆಣ್ಣಿನ ಹತ್ತಿರ ಹೋಯಿತು. ಹೊಲದ ಮಾಲಕರು ಬಿದ್ದು ಬಿದ್ದು ನಕ್ಕರು: “ದೊಡ್ಡಂವ ಜಗಳ ಮಾಡ್ಕೋತ ಹೋದ, ಸಣ್ಣಂವ ಕೆಲಸ ಮುಗಿಸ್ದ ನೋಡ್ರಿ ಸರ!”

ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತೀವಿ. ಇಲ್ಲಿ ಆ ಸಾಕ್ಷಿ ಸಾಲದು, ಡಿಎನ್‌ಎ ಬೇಕು. ಕ್ಯೂಬಾ, ಬಹಾಮಾಸ್ ದ್ವೀಪಗಳ ಕಂದು ಅನೋಲ್ ಓತಿಯಲ್ಲಿ ಹಾಗೆ ನೋಡಿದ್ದಾರೆ. ಹೆಣ್ಣು ಹಲವು ಗಂಡುಗಳನ್ನು ಕೂಡುತ್ತದೆ, ವೀರ್ಯವನ್ನು ಒಡಲಲ್ಲೇ ಕೂಡಿಟ್ಟುಕೊಳ್ಳುತ್ತದೆ. 2010ರಲ್ಲಿ ಬಂದ ಸಂಶೋಧನೆ ನೋಡಿ: ದೊಡ್ಡ ಗಂಡಿನಿಂದ ಗಂಡುಮರಿ ಜಾಸ್ತಿ, ಸಣ್ಣ ಗಂಡಿನಿಂದ ಹೆಣ್ಣುಮರಿ ಜಾಸ್ತಿ! ದೊಡ್ಡ ಮೈ ಮಗನಿಗೆ ಲಾಭ, ಮಗಳಿಗೆ ಅಲ್ಲ. ಅಂದರೆ ಸಣ್ಣವನೂ ಅಪ್ಪನೇ.

ಇನ್ನು ಗಲಾಪಗೋಸ್ ದ್ವೀಪಗಳ ಸಮುದ್ರ ಇಗುವಾನ, ಸಮುದ್ರದ ಪಾಚಿ ತಿಂದು ಬದುಕುವ ದೊಡ್ಡ ಓತಿ. ಅಲ್ಲೂ ಹೆಣ್ಣು ಸಿಗುವುದು ಹೆಚ್ಚಾಗಿ ದೊಡ್ಡ ಗಂಡಿಗೇ. ಆದರೆ ಎಲ್ ನಿನೊ ಬಂದು, ಅಂದರೆ ಸಮುದ್ರದ ನೀರು ಬಿಸಿಯಾಗಿ, ಪಾಚಿ ಕಡಿಮೆಯಾದಾಗ ಹಸಿವಿಂದ ಮೊದಲು ಸಾಯುವವೂ ದೊಡ್ಡವೇ. ಅಷ್ಟು ದೊಡ್ಡ ಹೊಟ್ಟೆಗೆ ಪಾಚಿ ಎಲ್ಲಿಂದ ತರಬೇಕು?

ಗಾಜಿನಾಚೆಯಿಂದ ಕೈ ಬೀಸುತ್ತಿದ್ದಾರೆ, ಟೈಮ್ ಆಯಿತಂತೆ. ಕ್ಯಾಲಿಫೋರ್ನಿಯಾದ್ದು ಒಂದೇ ಮಾತು. ಅಲ್ಲಿನ ಒಂದು ಜಾತಿಯ ಓತಿಯಲ್ಲಿ ಹಳದಿ ಗಂಟಲಿನ ಗಂಡಿಗೆ ಸ್ವಂತ ಜಾಗವೇ ಇಲ್ಲ. ನೋಡಲು ಥೇಟ್ ಹೆಣ್ಣಿನಂತೆ. ದೊಡ್ಡವರ ಜಾಗದೊಳಗೇ ನುಸುಳಿ ಅಪ್ಪನಾಗುತ್ತದೆ. ನಮಸ್ಕಾರ.